ಐದು ವೋಲ್ಟು

ಕಾರಟಗಿ ದಾಟಿ, ಒಣಗಿದ ಎಡದಂಡೆ ಕಾಲುವಿಯ ತಳದಾಗ
ಬಕೆಟ್ಟು ನೆಲಕ್ಕೂರಿ ನಿಂತೈತಿ ಹಿಟಾಚಿ,
ಉಣ್ಣೋ ಹೊತ್ತಿಗೆ ಯಾರೋ ಹೆಸರಿಡಿದು ಕರದಂಗಾಗಿ
ತುತ್ತು ತಡದವರ ಹಂಗ.
ಹೂಳಿನ ಮ್ಯಾಲೆ ಅದರ ಹಲ್ಲಿನ ಗುರುತು ಇನ್ನೂ ಹಸಿ.
"ನಾಕ ದಿನಕ್ಕ ನೀರ ಬಿಡ್ತಾರ," ಅಂತಾನ ಯಂಕೋಬ,
"ಅಷ್ಟರಾಗ ಇದನ್ನ ದಂಡಿಗೆ ಹತ್ತಿಸ್ರಿ.
ಇಲ್ಲಾಂದ್ರ ಮುಂದ ಮೀನ ಓಡಸ್ತಾವ."

ಕ್ಯಾಬಿನ್ನಿನ ಪುಟ್ಟ ಪರದಿ ಹಳದಿ ಬೆಳಗಿ
ಮೂರು ಲೆಕ್ಕ ಒಪ್ಪಿಸ್ತು:
ನೂರು. ನೂರಾ ಎರಡು. ನೂರಾ ಐವತ್ತೇಳು.
ಎಣ್ಣಿಯ ಒತ್ತಡ, ಟರ್ಬೋದ ಉಸಿರು, ಡೀಸೆಲ್ಲಿನ ನಾಡಿ.
ಮೂರರ ಬಾಲಕ್ಕೂ ಒಂದ ನಾಲ್ಕು.
ಬರಬೇಕಾದಷ್ಟು ಬರವಲ್ದು, ಅಂತ ಅದರ ಅರ್ಥ.

ನಿನ್ನೆ ಗಂಗಾವತಿಯಿಂದ ಬಂದ ಹುಡುಗ
ಒಂದು ಸೆನ್ಸರ್ ಬದಲಿಸಿ ಹೋಗ್ಯಾನ.
ಹದಿನಾಲ್ಕು ಸಾವಿರದ ರಟ್ಟಿನ ಡಬ್ಬಿ
ಸೀಟಿನ ಕೆಳಗ ಬಿದ್ದೈತಿ, ಅದರಾಗ ಯಂಕೋಬನ ಎಲಿ ಅಡಿಕಿ.
ಕೋಡು ಅಳಿಸಿದ್ದ ಅಂವ. ತಿರುವು ಮುಟ್ಟೂದ್ರಾಗ
ಮತ್ತ ಮೂಡ್ಯಾವ ಮೂರೂ,
ಉಗುಳು ಹಚ್ಚಿ ಒರಸಿದ ಪಾಟಿ ಆರಿದ ಮ್ಯಾಲೆ
ಹಳೇ ಬಳಪ ಕಂಡಂಗ.

ನನಗ ಕಲಿಸಿದ ಖಾಸಿಂಸಾಬ ಅಂತಿದ್ದ:
ಒಬ್ಬ ಸುಳ್ಳು ಹೇಳಿದ್ರ ಅವನ್ನ ಹಿಡಿ.
ಮೂವರು ಒಂದ ಹೊತ್ತಿಗೆ ಒಂದ ಸುಳ್ಳು ಹೇಳಿದ್ರ
ಅವರನ್ನ ಬಿಡು.
ಅವರಿಗೆ ಉಣ್ಣಾಕ ಹಾಕೋ ಮನಿ ಹುಡುಕು.

ಮೂವರಿಗೂ ಐದು ವೋಲ್ಟು ಒಂದ ತಂತಿಯಿಂದ ಬರೂದು.
ಮೀಟರಿನ ಕರಿ ಮೊನಿ ನೆಲಕ್ಕ, ಕೆಂಪು ಮೊನಿ ಸಾಕೆಟ್ಟಿಗೆ.
ಸೊನ್ನಿ ಬಿಂದು ಎಂಟು.
ಟರ್ಬೋದ್ದು ಕಿತ್ತೆ. ಸೊನ್ನಿ ಬಿಂದು ಎಂಟು.
ಎಣ್ಣಿದು ಕಿತ್ತೆ. ಅಷ್ಟ.
ಡೀಸೆಲ್ಲಿಂದು, ನಿನ್ನೆ ಬಂದದ್ದು, ಇನ್ನೂ ಹೊಸಾ ವಾಸನಿ ಆರದ್ದು,
ಅದನ್ನೂ ಕಿತ್ತೆ. ಅಷ್ಟ.
ಪಾಪ, ಮೂವರೂ ಖರೇನ ಹೇಳ್ಯಾರ.
ಹಸದವರು ಹಸಿವು ಅಂದದ್ದನ್ನ
ನಾವು ಬ್ಯಾನಿ ಅಂತ ಓದಿಕೊಂಡೀವಿ.

ಇನ್ನ ಉಳದದ್ದು ಕೈಯಿಂದ ಓದೂದು.
ಇಂಜಿನ್ ಆರಲಿ ಅಂತ ಕಾಯಲಿಲ್ಲ, ಮೊಣಕೈಗೊಂದು ಬೊಬ್ಬಿ.
ತಂತಿಗಳ ಕರಿ ಕೊಳವಿ ಗುಂಟ ಬೆರಳು ಸರಿಸಿ,
ಫಿಲ್ಟರಿನ ಹಿಂದ, ಬ್ಲಾಕಿನ ಬೆನ್ನಿಗೆ,
ಕಣ್ಣು ಹೋಗದ ಜಾಗಕ್ಕ ಬೆರಳು ಹೋದ್ವು.
ಹತ್ತಿದ ಧೂಳು ಈ ಸೀಮಿಯ ಕರಿ ಮಣ್ಣಲ್ಲ.
ಕೆಂಪು. ಸಂಡೂರಿನ ಅದಿರಿನ ಕೆಂಪು.
ಎರಡು ಸಲ ಮಾರಿ, ಮೂರು ಸಲ ಬಣ್ಣ ಬಳದರೂ
ಸಂದಿಯಾಗ ಕುಂತಿತ್ತು, ಯಾರಿಗೂ ಮುಖ ತೋರಿಸದ.

ಬೋಲ್ಟು ಇರಬೇಕಾದಲ್ಲಿ ಬೋಲ್ಟಿಲ್ಲ.
ಸೈಕಲ್ ಟ್ಯೂಬಿನ ಪಟ್ಟಿ. ಎರಡು ಸುತ್ತು. ಎಡಕ್ಕ ಎಳದ ಗಂಟು.

ನಾನು ಎಡಚ.

ಹನ್ನೊಂದು ವರ್ಷದ ಹಿಂದ, ಗಣಿಯ ರಾತ್ರಿ ಪಾಳಿ.
ಟಿಪ್ಪರಿನ ಸಾಲು ಹಾರ್ನ್ ಹೊಡೀತಿತ್ತು.
ಹತ್ತೊಂಬತ್ತರ ಹೆಲ್ಪರ್ ಹುಡುಗ ಬೋಲ್ಟು ಕೈಜಾರಿಸಿ,
ಕತ್ತಲಾಗ ಹುಡುಕದ,
ಮುಂಜಾನಿ ಹಾಕ್ತೀನಿ ಅಂದಿದ್ದ.
ಆ ಮುಂಜಾನಿ ಇವತ್ತು ಆಗೈತಿ.

ಟ್ಯೂಬು ಸವದು, ತಗಡಿಗೆ ತಂತಿ ತಿಕ್ಕಿ ತಿಕ್ಕಿ
ಜ್ವಾಳದ ಕಾಳಿನಷ್ಟು ತಾಮ್ರ ಬತ್ತಲೆ.
ಇಪ್ಪತ್ತು ಟನ್ನಿನ ಮಷಿನ್ನು ಮಂಡಿ ಊರಾಕ
ಅಷ್ಟ ಸಾಕಾತು.
ಇದಕ್ಕೊಂದು ನಂಬರಿಲ್ಲ, ಕೋಡಿನ ಪುಸ್ತಕದಾಗ.

"ಯಾರ ಕಟ್ಯಾರ್ರೀ ಈ ಕಸಾನ?"
ಟಾರ್ಚ್ ಹಿಡದ ಯಂಕೋಬ ಬಗ್ಗಿ ಕೇಳಿದ.
"ಯಾರೋ," ಅಂದೆ. "ಅವಸರದಾಗ ಇದ್ದೋರು."

ಬೆಸದೆ, ತೋಳು ತೊಡಿಸಿದೆ, ಹತ್ತರ ಬೋಲ್ಟು
ಬಿಗದ ಮ್ಯಾಲೆ ಮತ್ತೊಮ್ಮೆ ಬಿಗದೆ.
ನಾಲ್ಕು ಬಿಂದು ಒಂಬತ್ತು ಒಂಬತ್ತು.
ಕೆಮ್ಮಿತು, ಕರಿ ಹೊಗಿ ಉಗುಳಿತು, ಸಮಾ ಆತು.
ಬಿಲ್ಲಿನಾಗ ತೋಳಿನ ದುಡ್ಡು ಬರದೆ,
ಕೂಲಿಯ ಸಾಲು ಖಾಲಿ. ಯಂಕೋಬ ಎರಡು ಸಲ ಓದಿ
ನನ್ನ ಮುಖ ನೋಡಿದ. ಭತ್ತದ ಮಿಲ್ಲಿನ ಕಡೆಯಿಂದ
ಬೆಂದ ನೆಲ್ಲಿನ ವಾಸನಿ ಬರ್ತಿತ್ತು.

ಕೊಯ್ದು ತಗದ ಟ್ಯೂಬಿನ ಗಂಟು ಕಿಸೆದಾಗಿಟ್ಟು
ದಂಡಿ ಹತ್ತಿದೆ. ದಾರಿಗುಂಟ ಉಗುರು ಹಾಕಿ ನೋಡಿದೆ,
ಬಿಚ್ಚವಲ್ದು.
ಚೊಲೋ ಕಟ್ಟಿದ್ದೆ.